ಅಕ್ಕುಂಜೆಯ ಹುಡುಗಿ ಓಡಿದ್ದು

ಸಂಕ್ರಾಂತಿಗೆ ಊರಿಗೆ ಹೋಗೋದು ನನಗೆ ರಜೆಗಿಂತ ಹೆಚ್ಚಾಗಿ ವಾಸನೆಯ ವಿಷಯ. ಜನವರಿಯಲ್ಲಿ ಹೆಮ್ಮಾಡಿಯಲ್ಲಿ ಬಸ್ಸಿಳಿದರೆ ಸೇವಂತಿಗೆಯ ವಾಸನೆ. ಮಾರಣಕಟ್ಟೆ ಜಾತ್ರೆಗೆ ಹೆಮ್ಮಾಡಿ ಸೇವಂತಿಗೆಯೇ ಆಗಬೇಕು, ಹಾಗಾಗಿ ಗದ್ದೆ ಕೊಯ್ದವರೆಲ್ಲ ಆ ಗಿಡಗಳ ಹಿಂದೆ ಬಿದ್ದಿರ್ತಾರೆ. ಈ ಸಲ ಹೋದಾಗ ಅಕ್ಕನ ಮನೆಯ ಅಡಿಗೆಮನೆ ಶೆಲ್ಫಿನಲ್ಲಿ ಹಾರ್ಲಿಕ್ಸ್ ಬಾಟಲಿಯ ಪಕ್ಕ ಒಂದು ಹೊಸ ಡಬ್ಬಿ ಕೂತಿತ್ತು. ಕಪ್ಪು ಬಣ್ಣದ್ದು, ಮೇಲೆ ಸಿಂಹದ ಚಿತ್ರ. ಅಕ್ಕನ ಮಗಳು ಒಂಬತ್ತನೇ ಕ್ಲಾಸು, ನಾನೂರು ಮೀಟರ್ ಓಡ್ತಾಳೆ. ತಾಲೂಕಿನಲ್ಲಿ ಗೆದ್ದು ಜಿಲ್ಲೆಗೆ ಹೋಗಿ ಬಂದಿದ್ದಾಳೆ. ಯಾರೋ ಹಿತೈಷಿಗಳು 'ಹುಡುಗಿ ಸಪೂರ ಆಯ್ತು, ಇದನ್ನ ಕೊಡಿ' ಅಂತ ಆ ಡಬ್ಬಿ ತಂದುಕೊಟ್ಟಿದ್ರಂತೆ.

"ಇದನ್ನ್ ಕುಡದ್ರೆ ಶಕ್ತಿ ಬತ್ತಂಬ್ರ್. ನೀನ್ ಕಂಪ್ಯೂಟರಂಗೆ ಕಂಡ್ ಹೇಳ್, ಒಳ್ಳೇದಾ ಅಲ್ದಾ ಅಂದೇಳಿ" ಅಂದಳು ಅಕ್ಕ.

ನಾನು ಡಬ್ಬಿ ತಿರುಗಿಸಿ ನೋಡಿದೆ. ಸಣ್ಣ ಅಕ್ಷರದಲ್ಲಿ ಏನೇನೋ ಇತ್ತು, ಗಿಡಮೂಲಿಕೆಗಳ ಹೆಸರು, ಒಂದಷ್ಟು ಶೇಕಡಾವಾರು. ಸೊಸೆಯನ್ನ ಕರೆದು ಕೇಳಿದೆ: "ಅಶ್ವಿನಿ ಅಕ್ಕುಂಜೆ ಗೊತ್ತಾ ನಿಂಗೆ?"

"ಅದ್ ಯಾರ್ ಮಾಮ?"

ಕುಂದಾಪುರ ತಾಲೂಕಿನಲ್ಲಿ ನಾನೂರು ಮೀಟರ್ ಓಡುವ ಹುಡುಗಿಗೆ ಅಶ್ವಿನಿ ಅಕ್ಕುಂಜೆ ಯಾರು ಅಂತ ಗೊತ್ತಿಲ್ಲ! ಮೊದಲು ನನಗೆ ಸಿಟ್ಟು ಬಂತು. ಆಮೇಲೆ ಯೋಚಿಸಿದೆ, ಇವಳಿಗೆ ಹೇಳಬೇಕಾದವರು ಯಾರು? ನಾವೇ ತಾನೇ? ನಾವು ಯಾಕೆ ಹೇಳಲಿಲ್ಲ? ಉತ್ತರ ಅಷ್ಟೇನೂ ಸೊಗಸಾಗಿಲ್ಲ. ಅದನ್ನ ಬರೆಯೋದಕ್ಕೇ ಈ ಅಂಕಣ.

ಮೊದಲಿಂದ ಹೇಳ್ತೀನಿ.

ಕುಂದಾಪುರದಿಂದ ಪೂರ್ವಕ್ಕೆ ಘಟ್ಟದ ಕಡೆ ಹೋದರೆ ಸಿದ್ದಾಪುರ ಸಿಗುತ್ತೆ. (ಉತ್ತರ ಕನ್ನಡದ ಸಿದ್ದಾಪುರ ಅಲ್ಲ, ನಮ್ಮ ತಾಲೂಕಿನದ್ದು.) ಇನ್ನೂ ಮುಂದೆ ಹೋದರೆ ಹೊಸಂಗಡಿ, ಬಾಳೆಬರೆ ಘಾಟಿ. ಆ ಸಿದ್ದಾಪುರದ ಹತ್ತಿರದ ಜನ್ಸಾಲೆ ಅಶ್ವಿನಿಯ ಊರು. ಅಡಿಕೆ ಕೃಷಿಯ ಮನೆ. ಅಕ್ಕುಂಜೆ ಅನ್ನೋದು ಮನೆ ಹೆಸರು. ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಹೊರಗಿನವರಿಗೆ ಹೇಳ್ತೀನಿ: ನಮ್ಮಲ್ಲಿ ಊರಿನಷ್ಟೇ ಮನೆಗೂ ಹೆಸರಿರುತ್ತೆ, ಆ ಹೆಸರು ಮನುಷ್ಯನ ಜೊತೆ ದೆಹಲಿ, ದುಬೈ ಎಲ್ಲಾ ಕಡೆಗೂ ಹೋಗುತ್ತೆ. ಅಶ್ವಿನಿ ಹುಟ್ಟಿದ್ದು 1987ರ ಅಕ್ಟೋಬರ್ 7ರಂದು. ಹೆಚ್ಚುಕಮ್ಮಿ ನನ್ನದೇ ವಯಸ್ಸು. ನಾನು ಹೈಸ್ಕೂಲಿನ ಕ್ರೀಡಾಕೂಟದಲ್ಲಿ ಲಾಂಗ್ ಜಂಪಿನ ಮರಳು ಕೆದರುವ ಸ್ವಯಂಸೇವಕನಾಗಿದ್ದ ಕಾಲದಲ್ಲಿ, ಅವರು ಊರು ಬಿಟ್ಟು ಬೆಂಗಳೂರಿನ ವಿದ್ಯಾನಗರದ ಕ್ರೀಡಾಶಾಲೆ ಸೇರಿದ್ದರು.

ಆಗಿನ ನಮ್ಮ ಮೈದಾನಗಳನ್ನ ನೆನಪಿಸಿಕೊಳ್ಳಿ. ಮಳೆಗಾಲ ಮುಗಿದ ಮೇಲೆ ಹುಲ್ಲು ಸವರಿ, ಸುಣ್ಣದಲ್ಲಿ ಗೆರೆ ಎಳೆದರೆ ಅದೇ ಟ್ರ್ಯಾಕು. ಮೂಲೆಯಲ್ಲಿ ಒಂದು ಕಡೆ ಇಳಿಜಾರು, ಇನ್ನೊಂದು ಕಡೆ ಮುರಕಲ್ಲು ಎದ್ದಿರುತ್ತೆ. ಹರ್ಡಲ್ಸ್ ಅಂದರೆ ಮರದ ಮೇಸ್ತ್ರಿ ಮಾಡಿಕೊಟ್ಟ ನಾಲ್ಕು ಸ್ಟ್ಯಾಂಡು. ಕಾಲು ತಾಗಿದರೆ ಅದು ಬೀಳಲ್ಲ, ನಾವೇ ಬೀಳಬೇಕು. ಅಂಥ ಕಡೆಯಿಂದ ಹೋದ ಹುಡುಗಿ 400 ಮೀಟರ್ ಹರ್ಡಲ್ಸ್ ಆರಿಸಿಕೊಂಡಳು ಅಂದರೆ ಅದು ಸಣ್ಣ ವಿಷಯ ಅಲ್ಲ.

ಆ ಓಟದ ಲೆಕ್ಕ ಸ್ವಲ್ಪ ನೋಡಿ, ಇಂಜಿನಿಯರುಗಳಿಗೆ ಇಷ್ಟವಾಗುತ್ತೆ. ಒಂದು ಸುತ್ತು, ಹತ್ತು ಹರ್ಡಲ್. ಮಹಿಳೆಯರಿಗೆ ಒಂದೊಂದೂ 76.2 ಸೆಂಟಿಮೀಟರ್ ಎತ್ತರ. ಗೆರೆಯಿಂದ ಮೊದಲ ಹರ್ಡಲಿಗೆ 45 ಮೀಟರ್, ಆಮೇಲೆ ಒಂದೊಂದಕ್ಕೂ ನಡುವೆ 35 ಮೀಟರ್, ಕೊನೆಯ ಹರ್ಡಲ್ ದಾಟಿದ ಮೇಲೆ 40 ಮೀಟರ್. ಆ 35 ಮೀಟರಿಗೆ ಎಷ್ಟು ಹೆಜ್ಜೆ ಅಂತ ಓಟಗಾರ್ತಿ ಮೊದಲೇ ಲೆಕ್ಕ ಹಾಕಿಕೊಂಡಿರ್ತಾಳೆ. ಆರನೇ ಏಳನೇ ಹರ್ಡಲ್ ಹೊತ್ತಿಗೆ ಕಾಲು ಸೋತು ಹೆಜ್ಜೆ ಗಿಡ್ಡ ಆಗುತ್ತೆ, ಲೆಕ್ಕ ತಪ್ಪುತ್ತೆ. ಆಗ ಎಡಗಾಲಲ್ಲಿ ನೆಗೆಯುತ್ತಿದ್ದವಳು ಬಲಗಾಲಲ್ಲಿ ನೆಗೆಯಬೇಕಾಗಬಹುದು. ದಣಿದ ಮೇಲೂ ಲೆಕ್ಕ ತಪ್ಪದಂತೆ ಓಡುವ ಆಟ ಇದು.

ನಮ್ಮ ದೇಶದಲ್ಲಿ ಈ ಆಟಕ್ಕೆ ಒಂದು ಹೆಸರಿತ್ತು: ಪಿ.ಟಿ. ಉಷಾ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ 55.42 ಸೆಕೆಂಡಲ್ಲಿ ಓಡಿ, ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ಕಳೆದುಕೊಂಡ ಕಥೆ ಪ್ರತಿ ಶಾಲೆಯಲ್ಲೂ ಪಿ.ಟಿ. ಮೇಷ್ಟ್ರು ಹೇಳ್ತಿದ್ರು. ಏಷ್ಯನ್ ಗೇಮ್ಸಿನಲ್ಲಿ ಈ ಸ್ಪರ್ಧೆಯ ಚಿನ್ನ 1982ರಲ್ಲಿ ದೆಹಲಿಯಲ್ಲಿ ಎಂ.ಡಿ. ವಲ್ಸಮ್ಮಾಗೆ ಬಂತು, 1986ರಲ್ಲಿ ಸೋಲ್‌ನಲ್ಲಿ ಉಷಾಗೆ ಬಂತು. ಇಬ್ಬರೂ ಕೇರಳದವರು. ಆಮೇಲೆ 24 ವರ್ಷ ಯಾರಿಗೂ ಇಲ್ಲ.

ಇನ್ನು 2010. ನನಗೆ ಕೆಲಸ ಸಿಕ್ಕಿ ವರ್ಷ ತುಂಬಿರಲಿಲ್ಲ. ಬಿಟಿಎಂ ಲೇಔಟಿನ ಪಿಜಿ. ಹಾಲಿನಲ್ಲಿ ಒಂದೇ ಟಿವಿ, ಅದರ ರಿಮೋಟು ಆಂಧ್ರದ ಹುಡುಗರ ಕೈಯಲ್ಲಿ. ದೆಹಲಿಯಲ್ಲಿ ಕಾಮನ್‌ವೆಲ್ತ್ ಗೇಮ್ಸ್ ನಡೀತಿತ್ತು. ಪತ್ರಿಕೆ ತುಂಬ ಹಗರಣದ ಸುದ್ದಿ, ಕುಸಿದ ಪಾದಚಾರಿ ಸೇತುವೆ, ಸಂಘಟಕರ ಕರ್ಮಕಾಂಡ. ಆಟವನ್ನ ಯಾರೂ ನೋಡ್ತಿರಲಿಲ್ಲ. ಅಕ್ಟೋಬರ್ 11ಕ್ಕೆ ಡಿಸ್ಕಸ್ ಎಸೆತದಲ್ಲಿ ಕೃಷ್ಣಾ ಪೂನಿಯಾ ಚಿನ್ನ ಗೆದ್ದರು. 1958ರಲ್ಲಿ ಕಾರ್ಡಿಫ್‌ನಲ್ಲಿ ಮಿಲ್ಖಾ ಸಿಂಗ್ ಗೆದ್ದ ಮೇಲೆ ಆ ಕೂಟದ ಅಥ್ಲೆಟಿಕ್ಸಿನಲ್ಲಿ ಭಾರತಕ್ಕೆ ಅದೇ ಮೊದಲ ಚಿನ್ನ, 52 ವರ್ಷಗಳ ನಂತರ. ಮರುದಿನ, ಅಕ್ಟೋಬರ್ 12, ಮಹಿಳೆಯರ 4x400 ರಿಲೇ.

ರಿಲೇಯಲ್ಲಿ ಮೊದಲ ಓಟಗಾರ್ತಿ ಪೂರ್ತಿ ಸುತ್ತು ತನ್ನ ಲೇನಿನಲ್ಲೇ ಓಡ್ತಾಳೆ. ಎರಡನೆಯವಳು ಮೊದಲ ತಿರುವು ಮುಗಿದ ಮೇಲೆ ಒಳಗೆ ಬರಬಹುದು. ಮೂರನೆಯವಳು ಓಡುವ ಹೊತ್ತಿಗೆ ಲೇನು ಗೀನು ಏನೂ ಇಲ್ಲ. ಎಲ್ಲರೂ ಒಂದೇ ಕಡೆ, ಮೊಣಕೈಗೆ ಮೊಣಕೈ. ಮೊದಲನೆಯವಳ ಆರಂಭವನ್ನ ಜನ ನೋಡ್ತಾರೆ, ಕೊನೆಯವಳ ಫೋಟೋ ಪತ್ರಿಕೆಯಲ್ಲಿ ಬರುತ್ತೆ. ಮೂರನೆಯವಳದ್ದು ಯಾರ ನೆನಪಲ್ಲೂ ಉಳಿಯದ ಕೆಲಸ. ಅವತ್ತು ಮಂಜೀತ್ ಕೌರ್ ಮೊದಲು, ಸಿನಿ ಜೋಸ್ ಎರಡನೆಯವರು, ಅಶ್ವಿನಿ ಮೂರನೆಯವರು, ಮನ್‌ದೀಪ್ ಕೌರ್ ಕೊನೆ. ಅಶ್ವಿನಿ ಕೈಗೆ ಬೇಟನ್ ಬಂದಾಗ ಮುಂದೆ ನೈಜೀರಿಯಾದ ಓಟಗಾರ್ತಿ ಇದ್ದಳು. ಆ ಸುತ್ತು ಮುಗಿಯುವ ಹೊತ್ತಿಗೆ ಅಶ್ವಿನಿ ಅವಳನ್ನ ದಾಟಿದ್ದರು. 3 ನಿಮಿಷ 27.77 ಸೆಕೆಂಡ್, ಭಾರತಕ್ಕೆ ಚಿನ್ನ. ಇಂಗ್ಲೆಂಡ್ ಬೆಳ್ಳಿ, ಕೆನಡಾ ಕಂಚು.

ಟಿವಿಯವರು 'ಅಕ್ಕುಂಜಿ, ಅಕ್ಕುಂಜಿ' ಅಂತ ಕೂಗ್ತಾ ಇದ್ರೆ ನಾನು ಪಿಜಿ ಹಾಲಿನಲ್ಲಿ ಎದ್ದು ನಿಂತು "ನಮ್ಮೂರವಳು! ನಮ್ಮೂರವಳು!" ಅಂತ ಕುಣಿದಿದ್ದೆ. ಆಂಧ್ರದ ಹುಡುಗರು ಕೈಕುಲುಕಿದ್ರು, ನಾನೇ ಓಡಿದ ಹಾಗೆ. ಅಪ್ಪ ಫೋನು ಮಾಡಿ, "ಕಂಡ್ಯನಾ? ನಮ್ಮ್ ಬದಿ ಹೆಣ್ಣ್!" ಅಂದ್ರು. ಅಪ್ಪ ಜೀವಮಾನದಲ್ಲಿ ಕಂಬಳ, ಯಕ್ಷಗಾನ ಬಿಟ್ಟು ಯಾವುದಕ್ಕೂ ಫೋನು ಮಾಡಿದವರಲ್ಲ.

ಆರು ವಾರ ಕಳೆದು ಚೀನಾದ ಗುವಾಂಗ್‌ಝೌನಲ್ಲಿ ಏಷ್ಯನ್ ಗೇಮ್ಸ್. ನವೆಂಬರ್ 25ಕ್ಕೆ 400 ಮೀಟರ್ ಹರ್ಡಲ್ಸ್ ಫೈನಲ್. ಅಶ್ವಿನಿ 56.15 ಸೆಕೆಂಡ್. ಚೀನಾದ ವಾಂಗ್ ಶಿಂಗ್ ಬೆಳ್ಳಿ, ಜಪಾನಿನ ಸತೋಮಿ ಕುಬೊಕುರ ಕಂಚು. ಕುಬೊಕುರ ಅನ್ನೋ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ. 1986ರಲ್ಲಿ ಉಷಾ ಚಿನ್ನ ಗೆದ್ದಾಗಿನ ಸಮಯ 56.08. ಅಂದರೆ ಜನ್ಸಾಲೆಯ ಹುಡುಗಿಗೂ ಉಷಾಗೂ ಮಧ್ಯೆ ಸೆಕೆಂಡಿನ ನೂರನೇ ಏಳು ಭಾಗ. ಅದೇ ದಿನ ಪುರುಷರ 400 ಮೀಟರ್ ಹರ್ಡಲ್ಸಿನಲ್ಲಿ ಜೋಸೆಫ್ ಅಬ್ರಹಾಂ ಕೂಡ ಚಿನ್ನ ಗೆದ್ದರು. ಮರುದಿನ ರಿಲೇ. ಅದೇ ನಾಲ್ವರು, 3 ನಿಮಿಷ 29.02, ಮತ್ತೆ ಚಿನ್ನ. ಒಂದೂವರೆ ತಿಂಗಳಲ್ಲಿ ಮೂರು ಅಂತರರಾಷ್ಟ್ರೀಯ ಚಿನ್ನ.

ಊರಲ್ಲಿ ಮೆರವಣಿಗೆ, ಸನ್ಮಾನ, ಫ್ಲೆಕ್ಸು. ಆ ವರ್ಷ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳನ್ನ ಸಂಜೆ ಮೈದಾನಕ್ಕೆ ಬಿಟ್ಟರು. ಇದನ್ನ ನಾನು ಅಂಕಿಅಂಶ ಇಟ್ಟುಕೊಂಡು ಹೇಳ್ತಿಲ್ಲ, ನಮ್ಮ ಕೇರಿಯಲ್ಲಿ ಕಣ್ಣಾರೆ ನೋಡಿದ್ದು.

ಇಲ್ಲಿಗೆ ನಿಲ್ಲಿಸಿದ್ದರೆ ಒಳ್ಳೆ ಶಾಲಾ ಪಾಠ ಆಗ್ತಿತ್ತು. ಆದರೆ ನಮ್ಮ ಊರು ಕಥೆ ಹೇಳೋದನ್ನ ಬಿಟ್ಟಿದ್ದು ಇಲ್ಲಿಂದ ಮುಂದೆ ಆದದ್ದಕ್ಕೆ.

2011ರ ಜೂನ್ ಕೊನೆ, ಜುಲೈ ಶುರು. ಒಬ್ಬೊಬ್ಬರದ್ದಾಗಿ ಸುದ್ದಿ ಬಂತು. ಮನ್‌ದೀಪ್ ಕೌರ್, ಸಿನಿ ಜೋಸ್, ಜೌನಾ ಮುರ್ಮು, ಟಿಯಾನಾ ಮೇರಿ ಥಾಮಸ್, ಪ್ರಿಯಾಂಕಾ ಪನ್ವಾರ್, ಅಶ್ವಿನಿ ಅಕ್ಕುಂಜೆ. ಆರು ಜನ ನಾನೂರು ಮೀಟರಿನ ಓಟಗಾರ್ತಿಯರ ಮೂತ್ರದ ಮಾದರಿಯಲ್ಲಿ ಅನಬಾಲಿಕ್ ಸ್ಟೀರಾಯ್ಡ್. ದೆಹಲಿ, ಗುವಾಂಗ್‌ಝೌ ರಿಲೇಯ ನಾಲ್ವರಲ್ಲಿ ಮಂಜೀತ್ ಕೌರ್ ಒಬ್ಬರನ್ನ ಬಿಟ್ಟು ಉಳಿದ ಮೂವರೂ ಈ ಪಟ್ಟಿಯಲ್ಲಿದ್ದರು. ಕೋಬೆಯ ಏಷ್ಯನ್ ಚಾಂಪಿಯನ್‌ಶಿಪ್ ಹತ್ತಿರ ಇತ್ತು, ಅಶ್ವಿನಿ ತಂಡದಿಂದ ಹೊರಗೆ. ಉಕ್ರೇನಿನ ಕೋಚ್ ಯೂರಿ ಒಗೊರೊದ್ನಿಕ್ ಅವರನ್ನ ಜುಲೈ ಮೊದಲ ವಾರದಲ್ಲೇ ವಜಾ ಮಾಡಿದರು. ಕೇಂದ್ರ ಸರ್ಕಾರ ನ್ಯಾಯಮೂರ್ತಿ ಮುಕುಲ್ ಮುದ್ಗಲ್ ಅವರ ವಿಚಾರಣಾ ಸಮಿತಿ ಮಾಡಿತು. ಓಟಗಾರ್ತಿಯರು ಹೇಳಿದ್ದು ಒಂದೇ: ಕೋಚ್ ಚೀನಾದಿಂದ ತಂದುಕೊಟ್ಟ ಜಿನ್ಸೆಂಗ್ ಮಾತ್ರೆ ತಗೊಂಡಿದ್ದೆವು, ಅದರಲ್ಲೇ ಇದ್ದಿರಬೇಕು, ನಮಗೆ ಗೊತ್ತಿರಲಿಲ್ಲ.

ಆ ವಾರ ಆಫೀಸಿನ ಕ್ಯಾಂಟೀನಿನಲ್ಲಿ ಊಟ ಮಾಡ್ತಾ ಇದ್ದೆವು. ಟೀಮಿನ ಒಬ್ಬ ಪೇಪರ್ ಮಡಿಸಿಟ್ಟು ನನ್ನ ಕಡೆ ತಿರುಗಿ ಕೇಳಿದ: "ಏ, ಇವಳು ನಿಮ್ಮೂರವಳಲ್ವಾ?"

ನಾನು ಏನಂದೆ ಗೊತ್ತಾ? "ನಮ್ಮೂರಲ್ಲ ಮಾರಾಯ, ಅದು ಘಟ್ಟದ ಬುಡ, ನಮ್ಮ ಮನೆಯಿಂದ ಮೂವತ್ತು ನಲವತ್ತು ಕಿಲೋಮೀಟರ್ ಆಗುತ್ತೆ."

ಅಕ್ಟೋಬರಿನಲ್ಲಿ ಜನ್ಸಾಲೆಗೂ ಹೆಮ್ಮಾಡಿಗೂ ಮಧ್ಯೆ ಇದ್ದ ದೂರ ಸೊನ್ನೆ. ಜುಲೈಗೆ ಅದು ಮೂವತ್ತು ನಲವತ್ತು ಕಿಲೋಮೀಟರ್ ಆಗಿತ್ತು. ಮಧ್ಯೆ ಯಾವ ರಸ್ತೆಯೂ ಉದ್ದ ಆಗಿರಲಿಲ್ಲ. ಊರಲ್ಲೂ ಇದೇ ಕಥೆ. ಹೋಟೆಲಿನಲ್ಲಿ ಚಾ ಕುಡೀತಾ "ಮದ್ದ್ ತಿಂದ್ಕಂಡ್ ಓಡ್ದದ್ದಂಬ್ರ್ ಮರಾಯ್ರೆ" ಅಂತ ಒಂದೇ ಸಾಲಿನ ತೀರ್ಪು. ಕೇಳಿದವರು ತಲೆಯಾಡಿಸಿದರು. ಆಮೇಲೆ ಆ ಹೆಸರು ನಿಧಾನಕ್ಕೆ ಮಾತಿನಿಂದ ಮಾಯ ಆಯ್ತು. ಬೈದು ಬಿಟ್ಟಿದ್ದರೂ ಒಂದು ಲೆಕ್ಕ, ನಾವು ಹೇಳೋದನ್ನೇ ನಿಲ್ಲಿಸಿಬಿಟ್ಟೆವು.

ಇಷ್ಟು ವರ್ಷ ಆದ ಮೇಲೆ ಈ ಪ್ರಕರಣವನ್ನ ಸಾಲು ಸಾಲಾಗಿ ಓದಿದ್ದೇನೆ. ನನಗೆ ಅರ್ಥವಾದದ್ದನ್ನ ಹೇಳ್ತೀನಿ. ಹೋಟೆಲಿನ ತೀರ್ಪೂ ಪೂರ್ತಿ ಸರಿಯಲ್ಲ, 'ಪಾಪ, ಹಳ್ಳಿ ಹುಡುಗಿಗೆ ಮೋಸ ಆಯ್ತು' ಅನ್ನೋ ಅನುಕಂಪದ ತೀರ್ಪೂ ಪೂರ್ತಿ ಸರಿಯಲ್ಲ.

ಉದ್ದೀಪನ ಮದ್ದಿನ ಕಾನೂನಿನಲ್ಲಿ ಒಂದು ವಿಚಿತ್ರ ಇದೆ. ಕೋರ್ಟಿನಲ್ಲಿ ಸಾಮಾನ್ಯವಾಗಿ ಉದ್ದೇಶ ಸಾಬೀತಾಗಬೇಕು. ಇಲ್ಲಿ ಬೇಡ. ನಿನ್ನ ದೇಹದಲ್ಲಿ ನಿಷೇಧಿತ ವಸ್ತು ಸಿಕ್ಕರೆ ತಪ್ಪು ನಡೆದಂತೆಯೇ. ಹೇಗೆ ಬಂತು, ಯಾರು ಕೊಟ್ಟರು, ಗೊತ್ತಿತ್ತಾ ಗೊತ್ತಿರಲಿಲ್ಲವಾ ಅನ್ನೋದೆಲ್ಲ ಶಿಕ್ಷೆ ಎಷ್ಟು ಅನ್ನೋ ಪ್ರಶ್ನೆಗೆ ಮಾತ್ರ. ದೇಹಕ್ಕೆ ಏನು ಹೋಗುತ್ತೆ ಅನ್ನೋದಕ್ಕೆ ಕ್ರೀಡಾಪಟುವೇ ಜವಾಬ್ದಾರಿ. ಕ್ರೂರ ಅನ್ನಿಸುತ್ತೆ. ಆದರೆ ಇದಿಲ್ಲದಿದ್ದರೆ ಸಿಕ್ಕಿಬಿದ್ದ ಪ್ರತಿಯೊಬ್ಬರೂ 'ಕೋಚ್ ಕೊಟ್ಟರು' ಅಂದರೆ ಮುಗೀತು, ಯಾರನ್ನೂ ಹಿಡಿಯೋಕೆ ಆಗಲ್ಲ. ಶುದ್ಧವಾಗಿ ಓಡಿ ನಾಲ್ಕನೆಯವಳಾಗಿ ಬಂದವಳಿಗೂ ಒಂದು ನ್ಯಾಯ ಬೇಕಲ್ಲ?

ನಮ್ಮ ಕಸುಬಿನ ಭಾಷೆಯಲ್ಲಿ ಹೇಳೋದಾದರೆ, ನಾವೆಲ್ಲ ಯಾರೋ ಬರೆದ ಲೈಬ್ರರಿಗಳನ್ನ ಎತ್ತಿ ನಮ್ಮ ಕೋಡಿಗೆ ಹಾಕಿಕೊಳ್ತೀವಿ. ಒಳಗೆ ಏನಿದೆ ಅಂತ ಓದಿ ನೋಡಿದವರು ಎಷ್ಟು ಜನ? ಒಂದು ದಿನ ಅದರಲ್ಲಿ ವಿಷ ಇದ್ದು ಗ್ರಾಹಕರ ಡೇಟಾ ಸೋರಿದರೆ, 'ಲೈಬ್ರರಿ ನಾನು ಬರೆದದ್ದಲ್ಲ' ಅನ್ನೋ ಉತ್ತರಕ್ಕೆ ಬೆಲೆ ಇಲ್ಲ. ಕಮಿಟ್ ಮಾಡಿದ ಹೆಸರು ನಮ್ಮದು. ಆದರೆ ಒಂದು ವ್ಯತ್ಯಾಸ. ಆ ಲೈಬ್ರರಿಯನ್ನ ಹಾಕು ಅಂದವನು ನಿನ್ನ ಮ್ಯಾನೇಜರ್ ಆಗಿದ್ದರೆ? ನಿನ್ನ ಊಟ, ವಸತಿ, ಮುಂದಿನ ವಿಮಾನದ ಟಿಕೆಟ್ಟು ಎಲ್ಲಾ ಅವನ ಒಂದು ಮಾತಿನ ಮೇಲೆ ನಿಂತಿದ್ದರೆ? ರಾಷ್ಟ್ರೀಯ ಶಿಬಿರದಲ್ಲಿರುವ ಓಟಗಾರ್ತಿಗೆ ಕೋಚ್ ಅಂದರೆ ಅಷ್ಟೂ ಹೌದು. ಜೊತೆಗೆ ಅವರೇ ನಿನ್ನನ್ನ ಏಷ್ಯಾಕ್ಕೇ ಮೊದಲನೆಯವಳನ್ನಾಗಿ ಮಾಡಿದವರು. ಆ ಕೈ ಮಾತ್ರೆ ಕೊಟ್ಟಾಗ 'ಇದರ ಲ್ಯಾಬ್ ರಿಪೋರ್ಟ್ ತೋರಿಸಿ' ಅನ್ನೋ ಧೈರ್ಯ ಎಷ್ಟು ಜನಕ್ಕಿರುತ್ತೆ? ನನಗಂತೂ ಕೋಡ್ ರಿವ್ಯೂನಲ್ಲಿ 'ಇದು ಯಾಕೆ' ಅಂತ ಕೇಳೋಕೆ ಮೂರು ವರ್ಷ ಬೇಕಾಯ್ತು.

2011ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಘಟಕ, ಅಂದರೆ ನಾಡಾದ ಶಿಸ್ತು ಸಮಿತಿ ತೀರ್ಪು ಕೊಟ್ಟಿತು. ಆಗಿನ ನಿಯಮದ ಪ್ರಕಾರ ಮೊದಲ ತಪ್ಪಿಗೆ ಎರಡು ವರ್ಷ ನಿಷೇಧ. 'ದೊಡ್ಡ ಮಟ್ಟದ ನಿರ್ಲಕ್ಷ್ಯ ಇಲ್ಲ' ಅಂತ ಸಾಬೀತಾದರೆ ಅದನ್ನ ಅರ್ಧದವರೆಗೂ ಇಳಿಸಬಹುದು. ಸಮಿತಿ ಜಿನ್ಸೆಂಗ್ ಕಥೆಯನ್ನ ಒಪ್ಪಿ ಅರ್ಧಕ್ಕೆ ಇಳಿಸಿತು: ಒಂದು ವರ್ಷ. ಆ ಲೆಕ್ಕದಲ್ಲಿ 2012ರ ಮಧ್ಯಕ್ಕೆ ನಿಷೇಧ ಮುಗಿಯುತ್ತೆ. ಲಂಡನ್ ಒಲಿಂಪಿಕ್ಸ್ ಶುರುವಾಗೋದು ಜುಲೈ 27ಕ್ಕೆ. ಬಾಗಿಲು ಸಣ್ಣಗೆ ತೆರೆದಿತ್ತು. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟ ಇದನ್ನ ಒಪ್ಪಲಿಲ್ಲ. ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿರುವ ಕ್ರೀಡಾ ನ್ಯಾಯಮಂಡಳಿಗೆ ಮೇಲ್ಮನವಿ ಹೋಯ್ತು. 2012ರಲ್ಲಿ ಆ ಮಂಡಳಿ, ಶಿಕ್ಷೆ ಇಳಿಸುವಷ್ಟು ಎಚ್ಚರಿಕೆಯನ್ನ ಇವರು ವಹಿಸಿರಲಿಲ್ಲ ಅನ್ನೋ ನೆಲೆಯಲ್ಲಿ ಪೂರ್ತಿ ಎರಡು ವರ್ಷವನ್ನೇ ಖಾಯಂ ಮಾಡಿತು. ಲಂಡನ್ ಹೋಯ್ತು. ಓಟಗಾರ್ತಿಯ ಬದುಕಿನಲ್ಲಿ 23ರಿಂದ 25ರವರೆಗಿನ ಎರಡು ವರ್ಷ ಅಂದರೆ ಏನು ಅಂತ ಯೋಚಿಸಿ. ನಮಗೆ ಆ ವಯಸ್ಸಿನಲ್ಲಿ ಪ್ರೊಬೇಷನ್ ಮುಗಿದಿರುತ್ತೆ ಅಷ್ಟೇ.

ಒಂದು ಮಾತು ಇಲ್ಲಿ ಸ್ಪಷ್ಟ ಮಾಡಬೇಕು, ಹೋಟೆಲಿನ ತೀರ್ಪಿನಲ್ಲಿ ಅದು ಯಾವಾಗಲೂ ಕಲಸಿಹೋಗುತ್ತೆ. ಸಿಕ್ಕಿಬಿದ್ದ ಮಾದರಿಗಳು 2011ರವು. ದೆಹಲಿ ಮತ್ತು ಗುವಾಂಗ್‌ಝೌನ ಪದಕಗಳನ್ನ ಯಾರೂ ಕಿತ್ತುಕೊಂಡಿಲ್ಲ. ದಾಖಲೆಯ ಪುಸ್ತಕದಲ್ಲಿ ಅವು ಇವತ್ತಿಗೂ ಹಾಗೇ ಇವೆ. ಮನಸ್ಸಿನಲ್ಲಿ ಅನುಮಾನ ಇಟ್ಟುಕೊಳ್ಳೋರನ್ನ ನಾನು ತಡೆಯೋಕೆ ಆಗಲ್ಲ, ಅನುಮಾನ ನನಗೂ ಬಂದಿತ್ತು. ಆದರೆ ಅನುಮಾನ ಬೇರೆ, ದಾಖಲೆ ಬೇರೆ.

ಈ ಕಥೆಯಲ್ಲಿ ನನಗೆ ತುಂಬ ಮುಖ್ಯ ಅನ್ನಿಸೋದು ಮೂರು ಚಿನ್ನವೂ ಅಲ್ಲ, ನಿಷೇಧವೂ ಅಲ್ಲ. ಆಮೇಲಿನದ್ದು. 2013ರ ಮಧ್ಯದಲ್ಲಿ ನಿಷೇಧ ಮುಗಿದ ಮೇಲೆ ಅಶ್ವಿನಿ ವಾಪಸ್ ಬಂದರು. ಯಾರೂ ಫ್ಲೆಕ್ಸ್ ಹಾಕದ ವಾಪಸಾತಿ. 2014ರಲ್ಲಿ ಇಂಚಿಯೋನ್ ಏಷ್ಯನ್ ಗೇಮ್ಸ್, ಅದೇ 400 ಮೀಟರ್ ಹರ್ಡಲ್ಸ್. ಚಿನ್ನ ಗೆದ್ದವಳಾಗಿ ಹೋಗಿ ನಾಲ್ಕನೆಯವರಾದರು, 57.52 ಸೆಕೆಂಡ್. ನಾಲ್ಕು ವರ್ಷದ ಹಿಂದಿನದಕ್ಕಿಂತ 1.37 ಸೆಕೆಂಡ್ ಹೆಚ್ಚು. ಕೇಳೋಕೆ ಏನೂ ಅಲ್ಲ ಅನ್ನಿಸುತ್ತೆ. ಆ ವೇಗದಲ್ಲಿ ಅದು ಹತ್ತಿರ ಹತ್ತಿರ ಹತ್ತು ಮೀಟರ್. ಟ್ರ್ಯಾಕಿನ ಮೇಲೆ ಹತ್ತು ಮೀಟರ್ ನಡೆದು ನೋಡಿ, ಎಷ್ಟು ದೂರ ಅಂತ ಗೊತ್ತಾಗುತ್ತೆ. ಗುವಾಂಗ್‌ಝೌನಲ್ಲಿ ಅವರ ಹಿಂದೆ ಮೂರನೆಯವಳಾಗಿ ಬಂದಿದ್ದ ಕುಬೊಕುರ ಇಂಚಿಯೋನ್‌ನಲ್ಲಿ ಬೆಳ್ಳಿ ಗೆದ್ದಳು.

ಆ ನಾಲ್ಕನೇ ಸ್ಥಾನವನ್ನ ಎರಡು ರೀತಿ ಓದಬಹುದು. 'ನೋಡಿ, ಮದ್ದು ಇಲ್ಲದಿದ್ದರೆ ಇಷ್ಟೇ' ಅಂತ ಒಂದು. ಹಾಗೆ ಬರೆದವರಿದ್ದಾರೆ. ಎರಡು ವರ್ಷ ಸ್ಪರ್ಧೆಯೇ ಇಲ್ಲದೆ, 'ಡೋಪಿ' ಅನ್ನೋ ಹಣೆಪಟ್ಟಿ ಹೊತ್ತು, ಪರೀಕ್ಷಕರ ಕಣ್ಣೆಲ್ಲ ಮೇಲಿರುವಾಗ ವಾಪಸ್ ಬಂದು ಏಷ್ಯಾದ ಮೊದಲ ನಾಲ್ವರಲ್ಲಿ ನಿಂತಳು ಅಂತ ಇನ್ನೊಂದು. ಯಾವುದು ಸರಿ ಅಂತ ಸ್ಟಾಪ್‌ವಾಚ್ ಹೇಳಲ್ಲ. ಅದು 57.52 ಅಂತ ಮಾತ್ರ ಹೇಳುತ್ತೆ. ನಾನು ಎರಡನೆಯದನ್ನ ಆರಿಸಿಕೊಂಡಿದ್ದೇನೆ. ಕಾರಣ, ಒಮ್ಮೆ ಬಿದ್ದವಳು ಇಡೀ ಕ್ರೀಡಾಂಗಣ ನೋಡ್ತಿರುವಾಗ ಮತ್ತೆ ಆ ಗೆರೆಯ ಹಿಂದೆ ಕೂತಿದ್ದು ನನಗೆ ನಿಜ. ನಾನಾಗಿದ್ದರೆ ಕೂರ್ತಿರಲಿಲ್ಲ.

2016ರ ರಿಯೋ ಒಲಿಂಪಿಕ್ಸಿನ ರಿಲೇ ತಂಡದ ಪಟ್ಟಿಯಲ್ಲಿ ಅಶ್ವಿನಿ ಹೆಸರಿತ್ತು. ಆದರೆ ಹೀಟ್ಸಿನಲ್ಲಿ ಓಡಿದ ನಾಲ್ವರಲ್ಲಿ ಇರಲಿಲ್ಲ. 2011ರ ಆರು ಜನರಲ್ಲಿ ಪ್ರಿಯಾಂಕಾ ಪನ್ವಾರ್ 2016ರಲ್ಲಿ ಮತ್ತೆ ಸಿಕ್ಕಿಬಿದ್ದು ಎಂಟು ವರ್ಷದ ನಿಷೇಧಕ್ಕೆ ಒಳಗಾದರು. ಅಂದರೆ ಒಂದೇ ಶಿಬಿರದಿಂದ, ಒಂದೇ ಶಿಕ್ಷೆಯಿಂದ ಹೊರಬಂದವರ ದಾರಿ ಕೂಡ ಒಂದೇ ಆಗಿರಲಿಲ್ಲ. ಆರು ಜನರನ್ನ ಒಂದೇ ಸಾಲಿನಲ್ಲಿ ಮುಗಿಸಿಬಿಡೋದು ಎಷ್ಟು ತಪ್ಪು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಅಶ್ವಿನಿ ಆಮೇಲೆ ಬೆಂಗಳೂರಿನಲ್ಲಿ ತಮ್ಮ ಹೆಸರಿನ ಕ್ರೀಡಾ ಪ್ರತಿಷ್ಠಾನ ಕಟ್ಟಿ ಮಕ್ಕಳಿಗೆ ಅಥ್ಲೆಟಿಕ್ಸ್ ತರಬೇತಿ ಕೊಡೋ ಕೆಲಸಕ್ಕೆ ಇಳಿದರು.

ಇದರ ಪಕ್ಕ ಇನ್ನೊಂದು ಕಥೆ ಇಡ್ತೀನಿ. ಹೆಮ್ಮಾಡಿಯಲ್ಲಿ ಹೆದ್ದಾರಿ ಬಿಟ್ಟು ಕೊಲ್ಲೂರು ರಸ್ತೆ ಹಿಡಿದರೆ ವಂಡ್ಸೆ, ಚಿತ್ತೂರು. ಆ ಕಡೆಯ ಗುರುರಾಜ್ ಪೂಜಾರಿ, ಲಾರಿ ಚಾಲಕರ ಮಗ, 2018ರ ಗೋಲ್ಡ್‌ಕೋಸ್ಟ್ ಕಾಮನ್‌ವೆಲ್ತ್ ಗೇಮ್ಸಿನಲ್ಲಿ ಒಟ್ಟು 249 ಕೆಜಿ ಎತ್ತಿ ಬೆಳ್ಳಿ ಗೆದ್ದರು. ಆ ಕೂಟದಲ್ಲಿ ಭಾರತದ ಮೊದಲ ಪದಕ ಅದು. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ 269 ಕೆಜಿ, ಕಂಚು. ನನ್ನ ಸೊಸೆಗೆ ಈ ಹೆಸರು ಗೊತ್ತು. ಗೊತ್ತಿರಲೇಬೇಕು, ಹೆಮ್ಮೆಯ ಕಥೆ. ಹೇಳೋದಕ್ಕೂ ಸುಲಭ. ಅಶ್ವಿನಿಯ ಕಥೆ ಹೇಳಬೇಕಾದರೆ ಮಧ್ಯದಲ್ಲಿ ಒಂದು ಕಡೆ ಗಂಟಲು ಸರಿ ಮಾಡಿಕೊಳ್ಳಬೇಕಾಗುತ್ತೆ. ಅದಕ್ಕೇ ನಾವು ಹೇಳಲ್ಲ. ಹೇಳದೇ ಇದ್ದದ್ದರಿಂದ ನಷ್ಟ ಆದದ್ದು ಅಶ್ವಿನಿಗಲ್ಲ, ಅವರ ಪದಕ ಅವರ ಹತ್ತಿರ ಇದೆ. ನಷ್ಟ ಆ ಕಪ್ಪು ಡಬ್ಬಿ ಇದ್ದ ಅಡಿಗೆಮನೆಗೆ.

ಸರಿ, ಡಬ್ಬಿಗೆ ಬರ್ತೀನಿ.

ಅವತ್ತು ಸಂಜೆ ಜಗುಲಿಯಲ್ಲಿ ಕೂತು ಸೊಸೆಗೆ ಇಷ್ಟೂ ಕಥೆ ಹೇಳಿದೆ. ಯೂಟ್ಯೂಬಿನಲ್ಲಿ ದೆಹಲಿಯ ರಿಲೇ ಹಾಕಿ ತೋರಿಸಿದೆ. ಮೂರನೇ ಸುತ್ತು ಬಂದಾಗ ಅವಳು ಫೋನನ್ನ ನನ್ನ ಕೈಯಿಂದ ಕಿತ್ತುಕೊಂಡು ಹತ್ತಿರ ಹಿಡಿದಳು. ನೈಜೀರಿಯಾದವಳನ್ನ ದಾಟಿದಾಗ "ಹೋಯ್!" ಅಂತ ಕೂಗಿದಳು. ಮೂರು ಸಲ ನೋಡಿದಳು. ಆಮೇಲೆ 2011ರದ್ದನ್ನೂ ಹೇಳಿದೆ, ಮುಚ್ಚಿಡಲಿಲ್ಲ. ಅವಳು ಸುಮ್ಮನಿದ್ದಳು. ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು: "ಕೊಟ್ಟದ್ದನ್ನ್ ಬ್ಯಾಡ ಅಂದ್ರೆ ಟೀಮಿಂದ ತೆಗಿತಿದ್ರಾ ಮಾಮ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಹದಿನಾಲ್ಕು ವರ್ಷದ ಹುಡುಗಿ ನೇರ ಪ್ರಶ್ನೆಗೇ ಕೈ ಹಾಕಿದ್ದಳು. ಲೊಸಾನ್‌ನ ನ್ಯಾಯಮಂಡಳಿ ಎಚ್ಚರಿಕೆಯ ಬಗ್ಗೆ ಕೇಳಿತು, ಇವಳು ಬೇಡ ಅನ್ನೋದರ ಬೆಲೆ ಎಷ್ಟು ಅಂತ ಕೇಳಿದಳು.

ಅಕ್ಕನಿಗೆ ಹೇಳಬೇಕಾದದ್ದನ್ನ ಹೇಳಿದೆ. ಈ ಡಬ್ಬಿಯಲ್ಲಿ ಕೆಟ್ಟದ್ದಿದೆ ಅಂತ ನಾನು ಹೇಳ್ತಿಲ್ಲ, ಇಲ್ಲ ಅಂತಾನೂ ಹೇಳೋಕೆ ಬರಲ್ಲ. ಲೇಬಲ್ಲಿನಲ್ಲಿ ಬರೆದದ್ದು ಒಳಗಿರುವ ಎಲ್ಲವೂ ಅಲ್ಲ, ಜಿನ್ಸೆಂಗ್ ಡಬ್ಬಿಯ ಮೇಲೂ ಸ್ಟೀರಾಯ್ಡ್ ಅಂತ ಬರೆದಿರಲಿಕ್ಕಿಲ್ಲ. ಪುಡಿ ಬೇಕೇ ಬೇಕು ಅಂತಾದರೆ ಡಾಕ್ಟರನ್ನ ಕೇಳಿ, ಲ್ಯಾಬಿನಲ್ಲಿ ಪರೀಕ್ಷೆ ಆದ ಗುರುತಿದ್ದದ್ದನ್ನ ಮಾತ್ರ ತಗೊಳ್ಳಿ, ಬಿಲ್ಲು ಮತ್ತು ಬ್ಯಾಚ್ ನಂಬರ್ ಇಟ್ಟುಕೊಳ್ಳಿ. ಯಾವ ಹಿತೈಷಿ ಕೊಟ್ಟರೂ ಸರಿ, ಬಾಯಿಗೆ ಹಾಕಿಕೊಳ್ಳುವ ಮುಂಚೆ 'ಇದು ಏನು' ಅಂತ ಕೇಳೋದು ಅವಿಧೇಯತೆ ಅಲ್ಲ ಅಂತ ಅವಳಿಗೆ ಕಲಿಸಿ. ಈ ಕೊನೆಯದ್ದು ಕಷ್ಟ. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಕೊಟ್ಟದ್ದನ್ನ ಸುಮ್ಮನೆ ತಿನ್ನೋದನ್ನೇ ಕಲಿಸಿರ್ತೀವಿ.

"ಮೊಟ್ಟಿ, ಹುರುಳಿ, ಮೀನ್ ಸಾಕ್ ಅಂದೇಳಿ ನಾ ಮೊದ್ಲೇ ಹೇಳಿದ್ದೆ" ಅಂದಳು ಅಕ್ಕ. ಹೇಳಿರಲಿಲ್ಲ. ಇರ್ಲಿ ಬಿಡಿ.

ಮರುದಿನ ಬೆಳಿಗ್ಗೆ ಆರಕ್ಕೆ ಬಸ್ಸಿಗೆ ಹೊರಟಾಗ ಸೊಸೆ ಆಗಲೇ ಎದ್ದು ಮೈದಾನದಲ್ಲಿದ್ದಳು. ಮಂಜು ಇತ್ತು, ಸರಿಯಾಗಿ ಕಾಣ್ತಿರಲಿಲ್ಲ. ಹರ್ಡಲ್ ಇಲ್ಲ ನಮ್ಮಲ್ಲಿ. ಎರಡು ತೆಂಗಿನ ಮಡಲು ಅಡ್ಡ ಇಟ್ಟುಕೊಂಡು ನೆಗೀತಾ ಇದ್ದಳು. ಒಂದರಿಂದ ಇನ್ನೊಂದಕ್ಕೆ ಹೆಜ್ಜೆ ಎಣಿಸ್ತಿದ್ದದ್ದು ರಸ್ತೆಗೆ ಕೇಳ್ತಿತ್ತು.

ಬಸ್ಸಲ್ಲಿ ಪಕ್ಕ ಕೂತವರು ಮಾತಿಗೆ ಶುರುಮಾಡಿ, ಯಾವೂರು ನಿಮ್ಮದು ಅಂದ್ರು. ಹೆಮ್ಮಾಡಿ ಅಂದೆ. "ಓ, ಸೇವಂತಿಗೆಯ ಊರು" ಅಂದ್ರು. ಹೌದು ಅಂದೆ. ಆಮೇಲೆ ಅವರು ಕೇಳದೇ ಇದ್ದರೂ ಹೇಳಿದೆ, ಅಶ್ವಿನಿ ಅಕ್ಕುಂಜೆ ಅಂತ ಇದ್ದಾರಲ್ಲ, ಓಟಗಾರ್ತಿ, ಅವರೂ ನಮ್ಮೂರವರೇ.